ಬಾಡಿಗೆ ಮನೆ ಪರಿಶೀಲನೆ: ಬಾಗಿಲು ತಟ್ಟುವ ಮೊದಲು ಒಂದು ಮಾತು

ಆಂಧ್ರದ ಕರ್ನೂಲು ಜಿಲ್ಲೆಯ ಉರುಕುಂದ ಕರ್ನಾಟಕದ ಗಡಿಗೆ ಹತ್ತಿರದ ಊರು. ಶ್ರಾವಣದಲ್ಲಿ ಈರಣ್ಣ ಸ್ವಾಮಿಯ ದರ್ಶನಕ್ಕೆ ನಮ್ಮ ರಾಜ್ಯದಿಂದಲೂ ಜನ ಹೋಗುತ್ತಾರೆ. ಅದೇ ಸೀಮೆಯ ಆದೋನಿ ಹತ್ತಿ ವ್ಯಾಪಾರದ ಪಟ್ಟಣ. ದುಡಿಯಲು ಬಂದವರಿಗೆ ಇಂಥ ಊರುಗಳಲ್ಲಿ ಬಾಡಿಗೆ ಮನೆ, ಬಾಡಿಗೆ ಅಂಗಡಿಯೇ ಗತಿ. ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು ಅಂತ ಮಾತಾಗುತ್ತದೆ. ಮಾಲಕರು ಮನೆ ನೋಡಲು ಯಾವಾಗ ಬರಬಹುದು ಎಂಬುದು ಮಾತ್ರ ಮಾತಾಗುವುದಿಲ್ಲ. ಜಗಳ ಶುರುವಾಗುವುದು ಅಲ್ಲೇ.

2021ರ ಜೂನ್ 2ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇದಕ್ಕೊಂದು ದಾರಿ ತೋರಿಸಿದೆ. ದುರಸ್ತಿಗೋ ಪರಿಶೀಲನೆಗೋ ಒಳಗೆ ಬರಬೇಕಾದರೆ ಮಾಲಕರು ಕನಿಷ್ಠ 24 ಗಂಟೆ ಮೊದಲು ಬರಹದಲ್ಲಿ ತಿಳಿಸಬೇಕು. ಮೊಬೈಲ್ ಸಂದೇಶವೂ ನಡೆಯುತ್ತದೆ. ಕಾರಣ, ದಿನ, ಸಮಯ ಮೂರೂ ಅದರಲ್ಲಿರಬೇಕು. ಬೆಂಕಿ, ನೆರೆಯಂಥ ಆಪತ್ತಿಗೆ ಮಾತ್ರ ವಿನಾಯಿತಿ.

ಆದರೆ ಮಾದರಿ ಕಾಯ್ದೆ ತಾನಾಗಿ ಜಾರಿಗೆ ಬರುವುದಿಲ್ಲ, ರಾಜ್ಯಗಳು ಒಪ್ಪಿಕೊಳ್ಳಬೇಕು. ಇದೇ ಮಾದರಿಯಲ್ಲಿ ಬಾಡಿಗೆ ಕಾನೂನು ಬದಲಿಸಿಕೊಂಡ ರಾಜ್ಯಗಳೆಂದು ಕೇಂದ್ರ ಸಂಸತ್ತಿಗೆ ಹೇಳಿದ್ದು ಆಂಧ್ರಪ್ರದೇಶ, ತಮಿಳುನಾಡು, ಉತ್ತರ ಪ್ರದೇಶ, ಅಸ್ಸಾಂ ಹೆಸರುಗಳನ್ನು. ಆ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ.

ನಮ್ಮಲ್ಲಿರುವುದು 1999ರ ಬಾಡಿಗೆ ಕಾಯ್ದೆ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂ., ಉಳಿದ ಕಡೆ 2,000 ರೂ. ಮೀರಿದ ಬಾಡಿಗೆಗೆ ಅದು ಅನ್ವಯಿಸದು. ಇವತ್ತು ಆ ದರಕ್ಕೆ ಮನೆ ಎಲ್ಲಿ ಸಿಗುತ್ತೆ? ಹಾಗಾಗಿ ಬಹುತೇಕರಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಕಲಂ ಪ್ರಕಾರ ಬಾಡಿಗೆದಾರನಿಗೆ ಅಡ್ಡಿಯಿಲ್ಲದೆ ವಾಸಿಸುವ ಹಕ್ಕಿದೆ. ಹಾಗೆಯೇ 'ಸೂಕ್ತ ಸಮಯ'ದಲ್ಲಿ ಪರಿಶೀಲನೆಗೆ ಬಂದ ಮಾಲಕರನ್ನು ಒಳಗೆ ಬಿಡುವ ಹೊಣೆಯೂ ಇದೆ. ಸೂಕ್ತ ಸಮಯ ಯಾವುದು, ಎಷ್ಟು ಗಂಟೆ ಮೊದಲು ಹೇಳಬೇಕು ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿಲ್ಲ.

ಇದು ನಮ್ಮ ಸಮುದಾಯಕ್ಕೆ ಎರಡೂ ಕಡೆಯಿಂದ ತಟ್ಟುವ ವಿಷಯ. ಗಲ್ಫ್‌ನಲ್ಲಿ ದುಡಿದು ಕಟ್ಟಿಸಿದ ಬಾಡಿಗೆ ಮನೆಗಳ ಮಾಲಕರು ನಮ್ಮಲ್ಲಿದ್ದಾರೆ. ಬೆಂಗಳೂರು, ಮುಂಬೈಯಲ್ಲಿ ಬಾಡಿಗೆಗಿರುವ ಹುಡುಗರೂ ನಮ್ಮವರೇ. ಗಂಡಸರು ಅಂಗಡಿಗೆ ಹೋದ ಹೊತ್ತಿನಲ್ಲಿ ಮಾಲಕರು ದಿಢೀರ್ ಬಂದು ನಿಂತರೆ ಮನೆಯ ಹೆಂಗಸರಿಗೆ ಎಷ್ಟು ಮುಜುಗರ! ಹಾಗಂತ ತಿಂಗಳುಗಟ್ಟಲೆ ಬಾಗಿಲು ತೆರೆಯದಿದ್ದರೆ ಸೋರುವ ಗೋಡೆ, ಹಳೇ ವಯರಿಂಗ್ ನೋಡುವವರು ಯಾರು? ಇತರರ ಮನೆಗೆ ಅನುಮತಿ ಕೇಳದೆ, ಸಲಾಂ ಹೇಳದೆ ಹೋಗಬೇಡಿ ಅಂತ ಕುರ್‌ಆನ್ ಕಲಿಸಿದೆ. ಬಾಡಿಗೆ ಕೊಟ್ಟವನಿಗೂ ಆ ಮನೆ ಮನೆಯೇ.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. 11 ತಿಂಗಳ ಕರಾರು ಬರೆಯುವಾಗಲೇ ಒಂದು ಸಾಲು ಸೇರಿಸಿ: ಪರಿಶೀಲನೆಗೆ 24 ಗಂಟೆ ಮೊದಲು ವಾಟ್ಸ್ಆ್ಯಪ್‌ನಲ್ಲಿ ಕಾರಣ, ದಿನ, ಸಮಯ ತಿಳಿಸುವುದು, ಆ ಹೊತ್ತು ಆಗದಿದ್ದರೆ ಬಾಡಿಗೆದಾರ ಕೂಡಲೇ ಬೇರೆ ಸಮಯ ಹೇಳುವುದು. ನಾಳೆ ತಕರಾರು ಬಂದರೆ ಆ ಸಂದೇಶವೇ ದಾಖಲೆ.