ವರದಕ್ಷಿಣೆ ಕೇಳದ ಗಂಡ ಹೊಡೆಯಬಹುದೇ?

ಕಳೆದ ತಿಂಗಳು ಪಿರಿಯಾಪಟ್ಟಣದ ಹತ್ತಿರದ ಒಂದು ಹಳ್ಳಿಯ ಸ್ತ್ರೀಶಕ್ತಿ ಸಂಘದವರು ನನ್ನನ್ನು ತಮ್ಮ ವಾರದ ಸಭೆಗೆ ಕರೆದಿದ್ದರು. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದುಕೊಂಡು ಮುಗಿಯುವ ಹೊತ್ತಿಗೆ, ಮೂಲೆಯಲ್ಲಿ ತಲೆ ತುಂಬ ಸೆರಗು ಹೊದ್ದು ಕೂತಿದ್ದ ಒಬ್ಬ ಹೆಣ್ಣುಮಗಳ ಕಡೆ ನನ್ನ ಕಣ್ಣು ಹೋಯಿತು. ಕೆನ್ನೆ ಊದಿತ್ತು. ಕಣ್ಣಿನ ಕೆಳಗೆ ನೀಲಿಗಟ್ಟಿತ್ತು. “ಏನಾಯ್ತಮ್ಮ?” ಎಂದೆ. ಅವಳು ಬಾಯಿ ಬಿಡಲಿಲ್ಲ. ಸಂಘದ ಅಧ್ಯಕ್ಷೆಯೇ ಉತ್ತರ ಕೊಟ್ಟರು: “ಅವಳ ಗಂಡ ಒಳ್ಳೆಯವ್ನೇ ಮೇಡಂ. ಮದುವೇಲಿ ಒಂದು ರೂಪಾಯಿ ವರದಕ್ಷಿಣೆ ಈಸ್ಕೊಂಡಿಲ್ಲ. ಆಗೊಂದ್ಸಲ ಈಗೊಂದ್ಸಲ ಕೈ ಮಾಡ್ತಾನೆ, ಅಷ್ಟೆಯಾ.”

ಕೂತಿದ್ದ ಹದಿನೈದು ಮಂದಿಯೂ ಹೌದು ಹೌದೆಂದು ತಲೆಯಾಡಿಸಿದರು. ಆ ಅಧ್ಯಕ್ಷೆ ಕೆಟ್ಟವರಲ್ಲ. ಊರಿನ ಸಾರಾಯಿ ಅಂಗಡಿ ಎತ್ತಿಸಲು ಹೋರಾಡಿದವರು. ಆದರೆ ಆ ‘ಅಷ್ಟೆಯಾ’ ಎಂಬ ಮಾತಿದೆಯಲ್ಲ, ಅದರೊಂದಿಗೇ ನನ್ನ ಜಗಳ. ಈ ಮಾತನ್ನು ಅವರ ಬಾಯಿಗೆ ಹಾಕಿದವರಲ್ಲಿ ನಾವೂ ಇದ್ದೇವೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಲವತ್ತು ವರ್ಷಗಳಿಂದ ಬೀದಿಯಲ್ಲಿ, ಗೋಡೆಯ ಮೇಲೆ, ಇಂಥದ್ದೇ ಪತ್ರಿಕೆಗಳಲ್ಲಿ ವರದಕ್ಷಿಣೆ, ವರದಕ್ಷಿಣೆ ಎಂದು ಕೂಗಿದೆವು. ಕೂಗಬೇಕಾಗಿತ್ತು, ನಿಜ. ಆದರೆ ಜನರ ಕಿವಿಗೆ ಬಿದ್ದದ್ದು ಬೇರೆ: ವರದಕ್ಷಿಣೆಗಾಗಿ ಹೊಡೆದರೆ ಅಪರಾಧ, ಸುಮ್ಮನೆ ಹೊಡೆದರೆ ಸಂಸಾರ!

ಈ ಅಪಾಯವನ್ನು ಬಹಳ ಹಿಂದೆಯೇ ಗುರುತಿಸಿ, ಚಳವಳಿಯ ಒಳಗೇ ನಿಂತು ಹೇಳಿದ ವಕೀಲೆಯೊಬ್ಬರಿದ್ದಾರೆ. ಫ್ಲೇವಿಯಾ ಆಗ್ನೆಸ್. ಹೆಸರು ಕೇಳಿ ಹೊರದೇಶದವರೆಂದು ಭಾವಿಸಬೇಡಿ. ಹುಟ್ಟಿದ್ದು ಮುಂಬಯಿಯಲ್ಲಾದರೂ ಬಾಲ್ಯ ಕಳೆದದ್ದು ನಮ್ಮ ಮಂಗಳೂರಿನ ಕದ್ರಿಯಲ್ಲಿ, ಅತ್ತೆ ಚಿಕ್ಕಮ್ಮಂದಿರ ಸಾಲಿನ ಒಬ್ಬ ಹಿರಿಯಳ ಮನೆಯಲ್ಲಿ. ಅಪ್ಪ ಅಮ್ಮ ಇದ್ದದ್ದು ಏಡನ್‌ನಲ್ಲಿ. ಸಾಕಿದಾಕೆ ತೀರಿಕೊಂಡ ಮೇಲೆ ಹುಡುಗಿ ಅಲ್ಲಿಗೆ ಹೋದಳು. ಅಪ್ಪನೂ ತೀರಿಕೊಂಡಾಗ ತಾಯಿ ತಂಗಿಯರೊಂದಿಗೆ ಮತ್ತೆ ಮಂಗಳೂರಿಗೆ ಬಂದಳು. ಮದುವೆಯಾಯಿತು, ಮೂರು ಮಕ್ಕಳಾದವು. ಅದರ ಜೊತೆಗೆ ವರ್ಷಗಟ್ಟಲೆ ಗಂಡನ ಏಟು.

ಆಗಿನ ಕಾನೂನು ಅಂಥವಳಿಗೆ ಏನು ಹೇಳುತ್ತಿತ್ತು ಗೊತ್ತೇ? ಕ್ರೈಸ್ತರಿಗೆ ಅನ್ವಯಿಸುತ್ತಿದ್ದ 1869ರ ವಿಚ್ಛೇದನ ಕಾಯ್ದೆಯ ಪ್ರಕಾರ ಗಂಡ ಬರಿಯ ಕ್ರೌರ್ಯ ನಡೆಸಿದರೆ ಹೆಂಡತಿಗೆ ವಿಚ್ಛೇದನವಿಲ್ಲ. ಅವನು ವ್ಯಭಿಚಾರವನ್ನೂ ಮಾಡಿರಬೇಕು, ಅದರ ಜೊತೆ ಕ್ರೌರ್ಯವೂ ಇರಬೇಕು. ಗಂಡನಿಗಾದರೆ ಹೆಂಡತಿಯ ವ್ಯಭಿಚಾರವೊಂದೇ ಸಾಕು! ಈ ತಾರತಮ್ಯ ತಿದ್ದುಪಡಿಯಾದದ್ದು 2001ರಲ್ಲಿ. ಅಂದರೆ ನೂರ ಮೂವತ್ತು ವರ್ಷಕ್ಕೂ ಮಿಗಿಲಾಗಿ, ಏಟು ಎನ್ನುವುದು ತಾನೊಂದೇ ಲೆಕ್ಕಕ್ಕೇ ಬರದ ಸಂಗತಿಯಾಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ತಪ್ಪನ್ನು ತಂದು ನಿಲ್ಲಿಸಬೇಕಾಗಿತ್ತು. ಈ ಮಾತು ಮನಸ್ಸಿನಲ್ಲಿಡಿ, ಮತ್ತೆ ಬರುತ್ತದೆ.

1980ರಲ್ಲಿ ಮಥುರಾ ಅತ್ಯಾಚಾರ ಪ್ರಕರಣದ ತೀರ್ಪಿನ ವಿರುದ್ಧ ದೇಶದ ಹೆಂಗಸರು ಎದ್ದು ನಿಂತಾಗ ಮುಂಬಯಿಯ ಆ ಸಭೆಗಳಿಗೆ ಈಕೆಯೂ ಹೋದರು. 1984ರಲ್ಲಿ ತಾವು ತಿಂದ ಏಟುಗಳ ಕಥೆಯನ್ನು ತಮ್ಮ ಹೆಸರಿನಲ್ಲೇ ಪುಸ್ತಕ ಮಾಡಿದರು. ಮೈಸೂರಿನ ಗೆಳತಿಯೊಬ್ಬಳು ಆ ತೆಳ್ಳನೆಯ ಇಂಗ್ಲಿಷ್ ಪುಸ್ತಕವನ್ನು ನನಗೆ ಕೊಟ್ಟಾಗ ಒಂದೇ ರಾತ್ರಿ ಓದಿ ಮುಗಿಸಿದ್ದೆ. ಮರ್ಯಾದಸ್ತ ಮನೆಯ ಹೆಂಗಸು ಇಂಥದ್ದನ್ನೆಲ್ಲ ಬರೆಯಬಹುದೇ ಎಂದು ಆಗ ನನಗೂ ಅನ್ನಿಸಿತ್ತು, ಸುಳ್ಳೇಕೆ? ಮಕ್ಕಳನ್ನು ಸಾಕುತ್ತ, ಬಿಟ್ಟುಹೋದ ಓದನ್ನು ಮುಂದುವರಿಸಿ, 1988ರಲ್ಲಿ ಕಾನೂನು ಪದವಿ ಪಡೆದು ಮುಂಬಯಿ ಹೈಕೋರ್ಟಿನಲ್ಲಿ ವಕೀಲಿಕೆಗೆ ನಿಂತರು. ಹತ್ತೊಂಬತ್ತರ ಹುಡುಗಿಯರಿಗೆ “ಇನ್ನೇನು ಓದು, ಸಾಕು” ಎನ್ನುವ ತಾಯಂದಿರು ಇದನ್ನು ಇನ್ನೊಮ್ಮೆ ಓದಿ. ಮುಂದೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಎಂ.ಫಿಲ್. ಮಾಡಿದರು. 1990ರ ದಶಕದ ಆರಂಭದಲ್ಲಿ ಮಧುಶ್ರೀ ದತ್ತಾ ಅವರ ಜೊತೆ ‘ಮಜ್ಲಿಸ್’ ಎಂಬ ಸಂಸ್ಥೆ ಕಟ್ಟಿದರು. ಅದು ಸಾವಿರಾರು ಹೆಂಗಸರ ಜೀವನಾಂಶದ, ಮಕ್ಕಳ ಸುಪರ್ದಿನ, ಇರುವ ಮನೆಯ ಮೊಕದ್ದಮೆಗಳನ್ನು ನಡೆಸಿತು. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಬಾರುಗಳಲ್ಲಿ ಕುಣಿಯುವುದನ್ನು ನಿಷೇಧಿಸಿದಾಗ, ಆ ಹೆಂಗಸರ ದುಡಿಮೆಯ ಹಕ್ಕಿನ ಪರವಾಗಿ ನಿಂತವರಲ್ಲೂ ಈಕೆ ಒಬ್ಬರು. ಅದನ್ನು ಒಪ್ಪದವರು ನಮ್ಮಲ್ಲಿ ಬಹಳ ಮಂದಿ ಇದ್ದಾರು. ಅದು ಇನ್ನೊಂದು ದಿನದ ಜಗಳ.

ಇವತ್ತಿನ ಮಾತಿಗೆ ಬೇಕಾದದ್ದು 1992ರಲ್ಲಿ ಅವರು ಬರೆದ ಒಂದು ಲೇಖನ. 1980ರಿಂದ 89ರವರೆಗೆ ಹೆಂಗಸರಿಗಾಗಿ ಬಂದ ಕಾನೂನುಗಳನ್ನೆಲ್ಲ ಮುಂದೆ ಹರಡಿಕೊಂಡು ಲೆಕ್ಕ ಕೇಳಿದ ಲೇಖನ ಅದು. ನಾವು ಚಳವಳಿ ಮಾಡಿದಾಗಲೆಲ್ಲ ಸರ್ಕಾರ ಒಂದು ಕಾನೂನು ಕೊಟ್ಟಿತು, ಶಿಕ್ಷೆ ಹೆಚ್ಚಿಸಿತು. ಹೆಂಗಸಿನ ಕೈಗೆ ಬಂದದ್ದೇನು? ಮನೆಯೊಳಗಿನ ಹಿಂಸೆಯನ್ನೆಲ್ಲ ವರದಕ್ಷಿಣೆಗೆ ಗಂಟು ಹಾಕಿದ್ದರಿಂದ, ವರದಕ್ಷಿಣೆಯಿಲ್ಲದ ಹಿಂಸೆ ಕಣ್ಣಿಗೇ ಕಾಣದಂತಾಯಿತು ಎಂಬುದು ಅವರ ತಕರಾರು.

ಈ ತಕರಾರು ಎಷ್ಟು ನಿಜವೆಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಕೈಯಾರೆ ಮಾಡಿದ ತಪ್ಪಿನಿಂದ ಕಲಿತೆ.

1994. ನಾನಾಗ ಈ ಭಾಗದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕಿ. ಬಿ.ಎ. ಮುಗಿಸಿ ಎರಡು ವರ್ಷದ ಹಿಂದೆ ಮದುವೆಯಾಗಿ ಕೆ.ಆರ್. ನಗರದ ಕಡೆಗೆ ಹೋಗಿದ್ದ ವಿದ್ಯಾರ್ಥಿನಿ ಒಂದು ಸಂಜೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಬಲಗೈ ಮುಂಗೈಗೆ ಪಟ್ಟಿ ಕಟ್ಟಿತ್ತು. ಮೂಳೆ ಮುರಿದಿತ್ತು. ಗಂಡ ಸೋದರಮಾವನ ಮಗ. ಸಂಬಂಧದೊಳಗಿನ ಮದುವೆ, ಕೊಡು ತಗೊಳ್ಳುವ ಮಾತೇ ಬಂದಿರಲಿಲ್ಲ. ಹೇಳದೆ ಕೇಳದೆ ಗೆಳತಿಯ ಮದುವೆಗೆ ಹೋಗಿ ಬಂದಳೆಂದು ಸೌದೆಯಲ್ಲಿ ಬಾರಿಸಿದ್ದ. ನಾನು ದೂರು ಬರೆಯಲು ಕೂತೆ. ಕಾನೂನು ಗೊತ್ತಿದ್ದವರೆನಿಸಿಕೊಂಡ ಒಬ್ಬರು ಪಕ್ಕದಲ್ಲಿದ್ದರು. “ಬರೀ ಹೊಡೆದ ಅಂದರೆ ಯಾರೂ ಕೇಸು ತಗೊಳ್ಳಲ್ಲ. ಐವತ್ತು ಸಾವಿರ, ಒಂದು ಬೈಕು ಕೇಳಿದ ಅಂತ ಸೇರಿಸಿ” ಎಂದರು. ನಾನು ಸೇರಿಸಿದೆ. ಅವಳು, “ಅವರು ಹಾಗೆ ಕೇಳಿಲ್ಲ ಮೇಡಂ” ಎಂದಳು. “ಸುಮ್ಮನಿರು, ನಿನಗೆ ಗೊತ್ತಾಗಲ್ಲ” ಎಂದವಳು ನಾನೇ.

ಮೂರು ವರ್ಷದ ಮೇಲೆ ಸಾಕ್ಷಿಕಟ್ಟೆಯಲ್ಲಿ ಅವಳ ತಂದೆಯನ್ನು ಗಂಡನ ವಕೀಲರು ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಭಾವಮೈದುನ ಯಾವತ್ತಾದರೂ ನಿಮ್ಮ ಹತ್ತಿರ ದುಡ್ಡು ಕೇಳಿದ್ದುಂಟೇ? ಆತ ದೇವರಿಗೆ ಹೆದರುವ ಮನುಷ್ಯ. “ಇಲ್ಲ ಸ್ವಾಮಿ, ಅಂಥವರಲ್ಲ ಅವರು” ಎಂದುಬಿಟ್ಟ. ಅಲ್ಲಿಗೆ ಮುಗಿಯಿತು. ಮುರಿದ ಮೂಳೆ ನಿಜ, ಎಕ್ಸ್‌ರೇ ನಿಜ. ನನ್ನ ಒಂದು ಸುಳ್ಳು ಅವೆಲ್ಲವನ್ನೂ ನುಂಗಿ ಹಾಕಿತು. ಅವಳು ಅದೇ ಮನೆಗೆ ವಾಪಸ್ಸು ಹೋದಳು. ಹೋಗಲು ಬೇರೆ ಜಾಗವಿರಲಿಲ್ಲ.

ಇದರಲ್ಲಿ ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ಆ ಸುಳ್ಳಿನ ಅಗತ್ಯವೇ ಇರಲಿಲ್ಲ. 1983ರಲ್ಲಿ ದಂಡ ಸಂಹಿತೆಗೆ ಸೇರಿದ 498-ಎ ಕಲಮು ಕ್ರೌರ್ಯಕ್ಕೆ ಎರಡು ಅರ್ಥ ಕೊಟ್ಟಿತ್ತು. ಒಂದು, ಹೆಂಗಸನ್ನು ಆತ್ಮಹತ್ಯೆಗೆ ದೂಡುವಂಥ ಅಥವಾ ಆಕೆಯ ಜೀವಕ್ಕೆ, ಅಂಗಾಂಗಕ್ಕೆ, ದೇಹದ ಇಲ್ಲವೇ ಮನಸ್ಸಿನ ಆರೋಗ್ಯಕ್ಕೆ ತೀವ್ರ ಹಾನಿ ತರುವಂಥ ನಡವಳಿಕೆ. ಇದರಲ್ಲಿ ವರದಕ್ಷಿಣೆಯ ಹೆಸರೇ ಇಲ್ಲ. ಎರಡನೆಯದು, ಹಣ ಆಸ್ತಿಗಾಗಿ ಕಿರುಕುಳ. ಜನರ, ಠಾಣೆಯ, ನಮ್ಮಂಥ ಬುದ್ಧಿವಂತರ ತಲೆಯಲ್ಲಿ ಉಳಿದದ್ದು ಎರಡನೆಯದು ಮಾತ್ರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ 85 ಮತ್ತು 86ನೆಯ ಕಲಮು. ಅರ್ಥ ಬದಲಾಗಿಲ್ಲ. ನಂಬರು ಬದಲಾದರೆ ಕಾನೂನೇ ಹೋಯಿತೆಂದು ಹೇಳಿಕೊಂಡು ತಿರುಗುವವರಿದ್ದಾರೆ, ಅವರ ಮಾತು ನಂಬಬೇಡಿ.

ನಮ್ಮ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹರಾಜಾಗಿ ಕೈಗೆ ದುಡ್ಡು ಬಂದ ಮೇಲೆ ನಡೆಯುವ ಮದುವೆಗಳಲ್ಲಿ ಎಷ್ಟು ಚಿನ್ನ, ಯಾವ ಗಾಡಿ ಎಂಬುದು ನಿಮಗೇ ಗೊತ್ತು. ಅದಕ್ಕೆ ಸಂಘದಿಂದ ‘ಮದುವೆ ಸಾಲ’ ಕೊಡುವವರೂ ನೀವೇ. ಅದನ್ನು ನಿಲ್ಲಿಸಿ ಎಂದು ಹೇಳುವುದನ್ನು ನಾನು ಬಿಡುವುದಿಲ್ಲ. ಆದರೆ ನಮ್ಮ ಅಜ್ಜಿಯರ ಕಾಲದಲ್ಲಿ ಈ ಸೀಮೆಯ ಎಷ್ಟೋ ಜಾತಿಗಳಲ್ಲಿ ಗಂಡಿನವರೇ ಹೆಣ್ಣಿಗೆ ತೆರ ಕೊಟ್ಟು ಮದುವೆಯಾಗುತ್ತಿದ್ದರಲ್ಲ, ಆಗ ಹೆಂಡತಿಯರು ಏಟು ತಿನ್ನುತ್ತಿರಲಿಲ್ಲವೇ? “ತೆರ ಕೊಟ್ಟು ತಂದೋನು ನಾನು” ಎಂದು ಹೇಳಿ ಹೊಡೆಯುತ್ತಿದ್ದ. ಕೊಟ್ಟರೂ ಹೊಡೆದ, ತಗೊಂಡರೂ ಹೊಡೆದ. ಎಚ್.ಡಿ. ಕೋಟೆಯ ಹಾಡಿಯಿಂದ ಬಂದ ಹೆಂಗಸೊಬ್ಬಳನ್ನು ವರದಕ್ಷಿಣೆ ಎಷ್ಟು ಕೇಳಿದ ಎಂದು ವಿಚಾರಿಸಿದರೆ ಅವಳೇನು ಹೇಳಬೇಕು? ಕೊಡಲು ಏನೂ ಇಲ್ಲದವಳ ಏಟಿಗೆ ನಮ್ಮ ನಮೂನೆಯಲ್ಲಿ ಜಾಗವೇ ಇಲ್ಲವೇ?

ಈಗ ಎಲ್ಲೆಡೆ ಇನ್ನೊಂದು ಕೂಗೆದ್ದಿದೆ: ಹೆಂಗಸರು ಕಾನೂನನ್ನು ದುರುಪಯೋಗ ಮಾಡುತ್ತಿದ್ದಾರೆ. ‘ಕಾನೂನು ಭಯೋತ್ಪಾದನೆ’ ಎಂಬ ಮಾತನ್ನು 2005ರಲ್ಲಿ ಸುಪ್ರೀಂ ಕೋರ್ಟೇ ಆಡಿತು. 2017ರಲ್ಲಿ, ದೂರುಗಳನ್ನೆಲ್ಲ ಮೊದಲು ಕುಟುಂಬ ಕಲ್ಯಾಣ ಸಮಿತಿ ನೋಡಲಿ ಎಂದಿತು. 2018ರಲ್ಲಿ ಆ ಸಮಿತಿಯ ನಿರ್ದೇಶನವನ್ನು ತಾನೇ ತೆಗೆದುಹಾಕಿತು. 2024ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಒಬ್ಬ ಗಂಡಸಿನ ಆತ್ಮಹತ್ಯೆಯಾದ ಮೇಲಂತೂ ಟೀವಿಯವರು ಎಲ್ಲ ಹೆಂಡತಿಯರನ್ನೂ ಕಟಕಟೆಗೆ ಹತ್ತಿಸಿದರು. ಆ ಸಾವಿನ ಬಗ್ಗೆ ನನಗೂ ದುಃಖವಿದೆ. ಆದರೆ ಅದೇ ಕರ್ನಾಟಕದಲ್ಲಿ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 44.4 ಮಂದಿ ಗಂಡನ ಹಿಂಸೆ ಕಂಡವರು. ದೇಶದಲ್ಲೇ ಮೊದಲ ಸ್ಥಾನ ನಮ್ಮದು! ಹಿಂಸೆ ಅನುಭವಿಸಿದವರಲ್ಲಿ ಯಾರ ಹತ್ತಿರವಾದರೂ ಸಹಾಯ ಕೇಳಿದವರು ದೇಶದಲ್ಲಿ ನೂರಕ್ಕೆ ಹದಿನಾಲ್ಕು. ಉಳಿದ ಎಂಬತ್ತಾರು ಮಂದಿಯ ಮೌನವನ್ನು ಯಾರು ದುರುಪಯೋಗ ಮಾಡಿಕೊಂಡರು ಎಂದು ಯಾವ ಟೀವಿಯೂ ಕೇಳಲಿಲ್ಲ.

ಆದರೂ ಒಂದು ಮಾತು ಒಪ್ಪಬೇಕು. ‘ಸುಳ್ಳು ಕೇಸು’ ಎನ್ನುವವರ ಕೈಗೆ ಕೋಲು ಕೊಟ್ಟವರು ಹೆಂಗಸರಲ್ಲ, ನಿಜವಾದ ಏಟಿಗೆ ವರದಕ್ಷಿಣೆಯ ಬಣ್ಣ ಬಳಿದ ನಾವು. ಏಟೊಂದೇ ಸಾಲದು, ಪಕ್ಕದಲ್ಲಿ ಇನ್ನೊಂದು ತಪ್ಪು ನಿಲ್ಲಿಸು ಎಂದ ಆ 1869ರ ಬುದ್ಧಿ ನಮ್ಮ ತಲೆಯೊಳಗೂ ಕೂತಿತ್ತು.

ಫ್ಲೇವಿಯಾ ಅವರಂಥ ವಕೀಲೆಯರು ಕೋರ್ಟಿನಲ್ಲಿ ಸವೆದು ಕಂಡುಕೊಂಡ ಇನ್ನೊಂದು ಸತ್ಯವಿದೆ. ಬಹುಪಾಲು ಹೆಂಗಸರು ಗಂಡ ಜೈಲಿಗೆ ಹೋಗಲಿ ಎಂದು ಬರುವುದಿಲ್ಲ. ಏಟು ನಿಲ್ಲಬೇಕು, ತಲೆಯ ಮೇಲೆ ಸೂರಿರಬೇಕು, ಮಕ್ಕಳು ಜೊತೆಗಿರಬೇಕು, ಅನ್ನಕ್ಕೆ ದಾರಿಯಾಗಬೇಕು. ಇದಕ್ಕೆಂದೇ 2005ರಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಂತು. ಇಂದಿರಾ ಜೈಸಿಂಗ್ ಅವರ ಲಾಯರ್ಸ್ ಕಲೆಕ್ಟಿವ್ ಅದರ ಕರಡಿಗಾಗಿ ದುಡಿಯಿತು. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಬೈಗುಳ, ಏಟು, ಬಲವಂತದ ಸಂಭೋಗ, ಸಂಬಳ ಕಿತ್ತುಕೊಳ್ಳುವುದು ಎಲ್ಲವೂ ಅದರಲ್ಲಿ ಹಿಂಸೆಯೇ. ವರದಕ್ಷಿಣೆ ಅದರಲ್ಲಿ ಒಂದು ಭಾಗ ಮಾತ್ರ. “ಮನೆ ನಮ್ಮವ್ವನ ಹೆಸರಲ್ಲಿದೆ, ನಡಿ ಆಚೆಗೆ” ಎನ್ನುವ ಗಂಡಂದಿರಿಗೆ 2006ರ ಒಂದು ಸುಪ್ರೀಂ ಕೋರ್ಟ್ ತೀರ್ಪು ಬಲ ಕೊಟ್ಟಿತ್ತು. 2020ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಅದನ್ನು ತಪ್ಪೆಂದಿತು. ಸೊಸೆ ಸಂಸಾರ ಮಾಡಿಕೊಂಡಿರುವ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅವಳನ್ನು ಹಾಗೆಲ್ಲ ಎತ್ತಿ ಆಚೆ ಹಾಕುವಂತಿಲ್ಲ.

ಗೆಳತಿಯರೇ, ಈ ಕಾಯ್ದೆಯ ನಾಲ್ಕನೆಯ ಕಲಮು ಬಹಳ ಮಂದಿಗೆ ಗೊತ್ತಿಲ್ಲ. ಹಿಂಸೆ ನಡೆದಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನೆರೆಯವಳು ತಿಳಿಸಬಹುದು, ನಿಮ್ಮ ಸಂಘವೇ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ಆ ಸಂರಕ್ಷಣಾಧಿಕಾರಿ ಬೇರೆ ಯಾರೋ ಅಲ್ಲ, ಅಂಗನವಾಡಿಗಳನ್ನು ನೋಡಿಕೊಳ್ಳುವ, ನೀವು ಹತ್ತು ಸಲ ಹೋಗಿ ಬಂದಿರುವ ತಾಲ್ಲೂಕಿನ ಸಿ.ಡಿ.ಪಿ.ಓ. ವಕೀಲರಿಗೆ ದುಡ್ಡಿಲ್ಲವೆಂದರೆ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಆದಾಯ ಎಷ್ಟೇ ಇರಲಿ, ಹೆಂಗಸಿಗೆ ಅಲ್ಲಿ ಉಚಿತ ವಕೀಲರ ನೆರವಿದೆ. ರಾತ್ರಿ ಹೊತ್ತಾದರೆ 181ಕ್ಕೆ ಫೋನ್ ಮಾಡಿ.

ಪಿರಿಯಾಪಟ್ಟಣದ ಆ ಸಭೆಯಲ್ಲಿ ಇದನ್ನೆಲ್ಲ ಹೇಳಿ ಮುಗಿಸುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಅಧ್ಯಕ್ಷೆಗೆ ನನ್ನ ಮೇಲೆ ಸಿಟ್ಟು ಬಂದಿತ್ತು. “ಸಂಸಾರ ಮುರೀಬೇಕಾ ಮೇಡಂ?” ಎಂದರು. ಮುರಿದದ್ದು ಅವಳ ಮುಖವಲ್ಲವೇ ತಾಯಿ, ಎಂದೆ. ಜವಾಬು ಬರಲಿಲ್ಲ. ಆದರೆ ಮೂರನೆಯ ದಿನ ಬೆಳಗಿನ ಬಸ್ಸಿಗೆ ಅವಳ ಜೊತೆ ಸಂಘದಿಂದ ನಾಲ್ಕು ಮಂದಿ ಹೊರಟರು. ಅಧ್ಯಕ್ಷೆಯೇ ಮುಂದೆ. ನಾನು ಬಸ್‌ಸ್ಟ್ಯಾಂಡಿನಲ್ಲಿ ಸೇರಿಕೊಂಡೆ. ನಮೂನೆ ತುಂಬಿಕೊಳ್ಳುವವರು ಒಂದೊಂದಾಗಿ ಕೇಳುತ್ತ ಬಂದು, ವರದಕ್ಷಿಣೆಯ ಕಾಲಂ ಬಂದಾಗ ಅವಳ ಮುಖ ನೋಡಿದರು. ಅವಳು ನನ್ನ ಕಡೆ ತಿರುಗಿದಳು. ನಾನು ಈ ಸಲ ಬಾಯಿ ತೆರೆಯಲಿಲ್ಲ.

“ಅದೇನೂ ಕೇಳಿಲ್ಲ ಸಾರ್” ಎಂದಳು. “ಮುದ್ದೆ ಗಂಟಾಯ್ತು ಅಂತ ಹೊಡೆದ. ಅದ್ನೇ ಬರ್ಕೊಳಿ.”