ಮೇ ತನಕ ಕಾಯಬೇಕಿತ್ತು
ಹಳೆಯ ತಾರೆಯ ಕೈಗೆ ತಂಡ ಕೊಡುವುದಕ್ಕೆ ನನ್ನ ವಿರೋಧವಿಲ್ಲ, ವಿರೋಧವಿರುವುದು ಆತುರಕ್ಕೆ. 1999ರ ಚಾಂಪಿಯನ್ಸ್ ಲೀಗ್ ಫೈನಲ್‌ನ ಕೊನೇ ಗಳಿಗೆಯಲ್ಲಿ ಗೋಲು ಹೊಡೆದು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಕಪ್ ತಂದುಕೊಟ್ಟವರು ಓಲೆ ಗುನ್ನಾರ್ ಸೋಲ್ಶಾರ್. 2018ರ ಡಿಸೆಂಬರ್‌ನಲ್ಲಿ ಹಂಗಾಮಿ ಮ್ಯಾನೇಜರ್ ಆಗಿ ಬಂದು 19 ಪಂದ್ಯಗಳಲ್ಲಿ 14 ಗೆದ್ದರು. ಪ್ಯಾರಿಸ್‌ನಲ್ಲಿ ಪಿಎಸ್‌ಜಿಯನ್ನು ಮಣಿಸಿದ ರಾತ್ರಿಯಂತೂ ಅಭಿಮಾನಿಗಳಿಗೆ ಹಬ್ಬ. ಆ ಸಂಭ್ರಮ ಇಳಿಯುವ ಮೊದಲೇ, ಮಾರ್ಚ್‌ನಲ್ಲಿ, ಕ್ಲಬ್ ಅವರನ್ನು ಕಾಯಂ ಮಾಡಿತು. ಆ ಋತುವಿನ ಉಳಿದ 10 ಪಂದ್ಯಗಳಲ್ಲಿ ಗೆದ್ದದ್ದು 2 ಮಾತ್ರ. ಎವರ್ಟನ್ ಎದುರು 0-4ರ ಸೋಲು ನೋಡಲಾಗದಂಥದ್ದು. ಮುಂದೆ 2020-21ರಲ್ಲಿ ತಂಡವನ್ನು ಲೀಗ್‌ನ ಎರಡನೇ ಸ್ಥಾನಕ್ಕೆ ಒಯ್ದರು, ನಿಜ. ಆದರೂ ಒಂದು ಟ್ರೋಫಿಯೂ ಇಲ್ಲದೆ 2021ರ ನವೆಂಬರ್‌ನಲ್ಲಿ ಹೊರನಡೆಯಬೇಕಾಯಿತು. ಋತು ಮುಗಿಯುವ ಮೇ ತನಕ ಕಾದು, ಬೇರೆ ಅರ್ಹರ ಜತೆ ಅವರನ್ನೂ ತೂಗಿ ನೋಡಿದ್ದರೆ ಕ್ಲಬ್ ಕಳೆದುಕೊಳ್ಳುತ್ತಿದ್ದುದೇನು?