ಯುದ್ಧಕಾಲೇ ಶಸ್ತ್ರಾಭ್ಯಾಸ!

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಅರೆಕೆರೆಯ ಬಾಡಿಗೆ ಮನೆಯಲ್ಲಿ ಕೂತು ಕೋಡು ಕುಟ್ಟುವವನು. ಆದರೂ ಬರೆಯದೇ ಇರೋಕೆ ಆಗ್ತಿಲ್ಲ. ಬೈಯೋದಿದ್ರೆ ಕಾಮೆಂಟಿನಲ್ಲಿ ಬೈಯಿರಿ.

ಕೆಲವು ವರ್ಷಗಳ ಹಿಂದೆ ನಮ್ಮ ಸೋದರಮಾವನನ್ನು ಒಂದು ಆಸ್ಪತ್ರೆಯ ಮನೋರೋಗ ವಾರ್ಡಿಗೆ ಸೇರಿಸಿದ್ದೆವು. ಕೂಗಾಟ ನಿಲ್ಲಲಿ ಅಂತ ಇಂಜೆಕ್ಷನ್ ಕೊಟ್ಟರು. ಮೂರನೇ ರಾತ್ರಿ ಮಾವ ಕೊರಡಿನ ಹಾಗೆ ಸೆಟೆದು ಮಲಗಿದ್ದರು. ಮೈಯೆಲ್ಲ ಬೆವರು, ಮಾತಿಲ್ಲ. ಡ್ಯೂಟಿಯಲ್ಲಿದ್ದ ಪಿಜಿ ಹುಡುಗ ಕಾಯಿಲೆಯೇ ಜಾಸ್ತಿಯಾಗಿದೆ ಅಂದುಕೊಂಡು ಅದೇ ಇಂಜೆಕ್ಷನ್ನು ಇನ್ನೊಂದು ಬರೆಯೋಕೆ ಹೊರಟ. ವಯಸ್ಸಾದ ಸಿಸ್ಟರ್ ಒಬ್ಬರು ಹಣೆ ಮುಟ್ಟಿ, "ಡಾಕ್ಟ್ರೇ, ಮೈ ಕೆಂಡ ಆಗಿದೆ, ಒಂದ್ಸಲ ನೋಡಿ" ಅಂದರು.

ಅದು ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್. ಕೊಟ್ಟ ಔಷಧಿಯೇ ಮೈಮೇಲೆ ತಿರುಗಿಬೀಳೋದು. ಮಾಡಬೇಕಾದ ಮೊದಲ ಕೆಲಸ ಆ ಔಷಧಿ ನಿಲ್ಲಿಸೋದು! ಐಸಿಯು ಸೇರಿ ಮಾವ ಉಳಿದರು. ಆಮೇಲೆ ಆ ಹುಡುಗ ಹೇಳಿದ್ದು: "ಓದಿದ್ದೆ ಸಾರ್. ಯಾವತ್ತೂ ನೋಡಿರ್ಲಿಲ್ಲ."

ಅವನ ಮೇಲೆ ನನಗೆ ಕೋಪ ಇಲ್ಲ. ಅಪರೂಪದ್ದನ್ನು ನೋಡೋದೆಲ್ಲಿಂದ? ಅದಕ್ಕೇ ಹೇಳ್ತಿರೋದು, ನೋಡೋಕೆ ಸಿಗದ್ದನ್ನು ಆಡಿಸಿ ತೋರಿಸಬೇಕು. ಪೈಲಟ್‌ಗಳಿಗಾಗಿ ಎಡ್ವಿನ್ ಲಿಂಕ್ 1929ರಲ್ಲೇ ನೆಲದ ಮೇಲಿನ ವಿಮಾನ ಮಾಡಿದ. ಜೀವ ಉಳಿಸೋದು ಕಲಿಯೋಕೆ ನಾರ್ವೆಯ ಆಟಿಕೆ ತಯಾರಕ ಲೇರ್ಡಾಲ್ 1960ರಲ್ಲಿ ಬೊಂಬೆ ಮಾಡಿದ. ಅರಿವಳಿಕೆ ಡಾಕ್ಟರುಗಳು ಎಷ್ಟೋ ವರ್ಷದಿಂದ ಸಿಮ್ಯುಲೇಟರ್ ಮೇಲೆ ಕಲೀತಿದ್ದಾರೆ. ಮನೋವೈದ್ಯರಿಗೆ ಮಾತ್ರ ಯಾಕೆ ಬೇಡ? ಅವರ ರೋಗಿಗಳಿಗೆ ದೇಹ ಇಲ್ವಾ?

ಅಲ್ಲಿನ ಅಪಾಯಗಳೇ ಬೇರೆ. ಭೇದಿಯಾಗಿ ನೀರು ಕಳಕೊಂಡವನ ರಕ್ತದಲ್ಲಿ ಲಿಥಿಯಂ ಏರುತ್ತೆ. ಕುಡಿತ ಬಿಟ್ಟವನಿಗೆ ಎರಡನೇ ಮೂರನೇ ದಿನ ಫಿಟ್ಸು, ಸನ್ನಿ. ಮಾತ್ರೆಯಿಂದ ನುಂಗುವ ಶಕ್ತಿ ಕುಗ್ಗಿದವನ ಗಂಟಲಲ್ಲಿ ಅನ್ನ ಸಿಕ್ಕಿಕೊಳ್ಳುತ್ತೆ. ಇವರು ಎದೆನೋವು ಅಂದರೂ "ಟೆನ್ಷನ್" ಅನ್ನೋರೇ ಜಾಸ್ತಿ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ, ಬಹುಪಾಲು ದೇಹದ ಕಾಯಿಲೆಗಳಿಂದ.

"2023ರ ನಿಯಮದಲ್ಲಿ ಪಿಜಿಗಳಿಗೆಲ್ಲ ಜೀವರಕ್ಷಕ ಕೋರ್ಸ್ ಕಡ್ಡಾಯ ಆಗಿದೆಯಲ್ಲ" ಅನ್ನಬಹುದು. ಒಳ್ಳೇದೇ. ಆದರೆ ಒಂದು ಸಲದ ಸರ್ಟಿಫಿಕೇಟು ಕೆಲವೇ ತಿಂಗಳಲ್ಲಿ ಕೈಯಿಂದ ಮರೆಯುತ್ತೆ. ಬ್ಯಾಕಪ್ ಇದೆ ಅನ್ನೋದು ಬೇರೆ, ರಿಸ್ಟೋರ್ ಮಾಡಿ ನೋಡಿದ್ದೀವಿ ಅನ್ನೋದು ಬೇರೆ. ನಮ್ಮ ಆಫೀಸಲ್ಲಿ ಒಂದು ಬಟನ್ನಿನ ಬಣ್ಣ ಬದಲಾಯಿಸೋಕೂ ಟೆಸ್ಟ್ ಸರ್ವರ್ ಇದೆ ಸ್ವಾಮಿ!

"ದುಡ್ಡೆಲ್ಲಿ?" ಲಕ್ಷಗಟ್ಟಲೆ ಬೆಲೆಯ ಬೊಂಬೆಯೇ ಬೇಕಿಲ್ಲ. ಒಬ್ಬ ಸಹಪಾಠಿ ಮಂಚದ ಮೇಲೆ ಮಲಗಲಿ. ಸೀನಿಯರ್ ಒಬ್ಬರು ಜ್ವರ, ಬಿಪಿ ಹೇಳ್ತಾ ಹೋಗಲಿ. ಸಿಸ್ಟರು, ಆಯಾ, ವಾರ್ಡ್‌ಬಾಯ್ ಎಲ್ಲ ಇರಲಿ, ಕೈಯಲ್ಲೊಂದು ಗಡಿಯಾರ. ಆಕ್ಸಿಜನ್ ಸಿಲಿಂಡರಿನ ಕೀಲಿ ಯಾರ ಜೇಬಲ್ಲಿದೆ ಅಂತ ಆವತ್ತೇ ಗೊತ್ತಾಗುತ್ತೆ. ತಿಂಗಳಿಗೊಮ್ಮೆ ಅರ್ಧ ಗಂಟೆ ಸಾಕು.

"ಫಿಸಿಶಿಯನ್ ಕರೆದರಾಯ್ತು?" ಕರೀಬೇಕು ಅಂತ ಹೊಳೆಯೋದೇ ಇಲ್ಲಿನ ಸಮಸ್ಯೆ. ಅವರು ಬರೋ ತನಕ ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತೋರು ಯಾರು? ನಾಳೆ ಇದೇ ಹುಡುಗ ಯಾವುದೋ ಜಿಲ್ಲಾಸ್ಪತ್ರೆಯಲ್ಲಿ ಒಬ್ಬನೇ ಮನೋವೈದ್ಯ ಆಗಿರ್ತಾನೆ.

ಅರೆಕೆರೆಯಿಂದ ಬನ್ನೇರುಘಟ್ಟ ರಸ್ತೆ ಹಿಡಿದು ಹೋದರೆ ಮೊದಲು ಜಯದೇವ, ಡೈರಿ ಸರ್ಕಲ್ ದಾಟಿದರೆ ನಿಮ್ಹಾನ್ಸ್. ಎದೆಗೊಂದು, ತಲೆಗೊಂದು ಆಸ್ಪತ್ರೆ. ಹಳೆಯ ಮಾನಸಿಕ ಆಸ್ಪತ್ರೆಯನ್ನು 1974ರಲ್ಲಿ ನಿಮ್ಹಾನ್ಸ್ ಮಾಡಿದಾಗ ಮನಸ್ಸು, ಮಿದುಳು ಎರಡಕ್ಕೂ ಒಂದೇ ಸೂರು ಕೊಟ್ಟರು. ದೊಡ್ಡ ಹೆಜ್ಜೆ. ಇನ್ನು ಕುತ್ತಿಗೆಯಿಂದ ಕೆಳಗೂ ಇಳಿಯೋಣ. ಆಸ್ಪತ್ರೆ ಎಷ್ಟಾದರೂ ಇರಲಿ, ಮಂಚದ ಮೇಲಿರೋ ರೋಗಿ ಒಬ್ಬನೇ ತಾನೆ?

ಮಾವ ಈಗ ಚೆನ್ನಾಗಿದ್ದಾರೆ. ಎಲ್ಲ ವಾರ್ಡಲ್ಲೂ ಅಂಥ ಸಿಸ್ಟರ್ ಇರ್ತಾರೆ ಅನ್ನೋ ಧೈರ್ಯ ಮಾತ್ರ ನನಗಿಲ್ಲ. ಡಾಕ್ಟರ್ ಬ್ಲಾಗಿಗರು ಯಾರಾದ್ರೂ ಇದ್ದರೆ ಹೇಳಿ, ನಿಮ್ಮ ವಾರ್ಡಲ್ಲಿ ಕೊನೇ ಸಲ ಹೀಗೆ ಅಭ್ಯಾಸ ಮಾಡಿದ್ದು ಯಾವಾಗ?